ಮಕ್ಕಳ ಚಿತ್ರಪುಟದಲ್ಲಿ ತಪ್ಪು ಗೆರೆಗಳಿಗೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಮಕ್ಕಳ ಚಿತ್ರಗಳ ಪುಟವನ್ನು ನಾನು ತಪ್ಪದೆ ನೋಡುತ್ತೇನೆ. ಪುಟ ಚೆನ್ನಾಗಿರುತ್ತದೆ. ಆದರೆ ಚಿತ್ರದ ಕೆಳಗೆ ಪದೇ ಪದೇ ಬರುವ ಕೆಲವು ಮಾತು ನನ್ನನ್ನು ಕೊರೆಯುತ್ತಿವೆ. 'ಹುಟ್ಟು ಕಲಾವಿದೆ', 'ದೇವರು ಕೊಟ್ಟ ಕೈಗುಣ', 'ರಕ್ತದಲ್ಲೇ ಬಂದ ಕಲೆ'. ಮಗುವನ್ನು ಹೊಗಳಬೇಕು ಅಂತಲೇ ಬರೆಯುತ್ತೀರಿ, ಗೊತ್ತು. ಆದರೆ ಅದೇ ಪುಟವನ್ನು ಚಿತ್ರ ಅಚ್ಚಾಗದ ಮಕ್ಕಳೂ ನೋಡುತ್ತಾರೆ, ಅಲ್ವಾ? ಅವರಿಗೆ ಏನು ಅನ್ನಿಸುತ್ತದೆ? ನನಗೆ ಅದು ಹುಟ್ಟಿನಿಂದ ಬಂದಿಲ್ಲ, ಹಾಗಾಗಿ ಇನ್ನು ಬರುವುದೂ ಇಲ್ಲ ಅಂತ. ಹಾಗೆ ನಂಬಿಕೊಂಡೇ ನಾನು 28 ವರ್ಷ ಪೆನ್ಸಿಲ್ ಹಿಡಿಯಲಿಲ್ಲ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನಗೆ ಆಗ ಹತ್ತು ವರ್ಷ. ಓಡುತ್ತಿರುವ ಒಬ್ಬ ಮನುಷ್ಯನ ಚಿತ್ರ ಬರೆದು ಮೇಷ್ಟರಿಗೆ ತೋರಿಸಿದೆ. ಅವರು ನೋಡಿ, 'ಇದು ನಿನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ' ಅಂದರು. ಬೈದು ಹೇಳಿದ್ದಲ್ಲ, ಸಹಜವಾಗಿ ಹೇಳಿದರು. ಅದಕ್ಕೇ ನಂಬಿಬಿಟ್ಟೆ. ಕಾಲು ಯಾಕೆ ಕೋಲಿನ ಹಾಗೆ ಬಂದಿದೆ, ಮೊಣಕಾಲು ಎಲ್ಲಿರಬೇಕು, ಓಡುವಾಗ ಮೈ ಯಾವ ಕಡೆ ವಾಲುತ್ತದೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮತ್ತೆ ಪೆನ್ಸಿಲ್ ಹಿಡಿದದ್ದು 38ನೇ ವಯಸ್ಸಿನಲ್ಲಿ. ನಮ್ಮ ಅಪ್ಪ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ನಿಮ್ಮ ಪತ್ರಿಕೆ ಓದುತ್ತಾ ಓದುತ್ತಾ ಹಾಗೇ ನಿದ್ದೆ ಹೋಗುತ್ತಾರೆ. ಒಂದು ದಿನ ತಲೆ ಭುಜದ ಕಡೆ ವಾಲಿತ್ತು. ಪತ್ರಿಕೆ ಮಡಿಲಿಗೆ ಜಾರಿತ್ತು. ಒಂದು ಕೈ ಇನ್ನೂ ಅದನ್ನು ಹಿಡಿದಿತ್ತು, ಇನ್ನೊಂದು ಕೈ ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಬಿದ್ದಿತ್ತು. ಯಾಕೋ ಅದನ್ನು ಹಾಗೇ ಹಿಡಿದಿಡಬೇಕು ಅನ್ನಿಸಿತು. ಫೋಟೊ ತೆಗೆಯಬಹುದಿತ್ತು, ತೆಗೆಯಲಿಲ್ಲ. ಮೇಜಿನ ಮೇಲಿದ್ದ ಲಕೋಟೆಯ ಹಿಂಭಾಗದಲ್ಲಿ ಬರೆಯಲು ಕೂತೆ. ತಲೆ ಬಂತು, ಆದರೆ ಕತ್ತಿನ ಮೇಲೆ ತಂದು ಇಟ್ಟ ಹಾಗೆ ಬಂತು. ಕೈಗಳು ಒಳಗೆ ಗಾಳಿ ತುಂಬಿದ ಕೈಗವಸಿನ ಹಾಗೆ ಬಂದವು. ಎಲ್ಲೋ ತಪ್ಪಿದೆ ಅಂತ ಕಣ್ಣಿಗೆ ಕಾಣುತ್ತಿತ್ತು, ಎಲ್ಲಿ ಅಂತ ಹೇಳಲು ಬರುತ್ತಿರಲಿಲ್ಲ. ಆಗ ಅಪ್ಪನ ಕತ್ತನ್ನು ಇನ್ನೊಮ್ಮೆ ಸರಿಯಾಗಿ ನೋಡಿದೆ. ಕಿವಿಯ ಹಿಂದಿನಿಂದ ಹುರಿ ಹಗ್ಗದ ಹಾಗೆ ಏನೋ ಒಂದು ಇಳಿದುಬಂದು ಕತ್ತಿನ ಕೆಳಗಿನ ಗುಳಿಯ ಹತ್ತಿರ ಸೇರುತ್ತಿತ್ತು. ಇಷ್ಟು ವರ್ಷ ದಿನಾ ನೋಡಿದ ಮುಖ ಅದು. ಆ ಹಗ್ಗ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅದು ಏನು ಅಂತ ಹುಡುಕಿದ್ದೇ ನನ್ನ ಮೊದಲ ಪಾಠ. ಅದು ಕತ್ತಿನ ಒಂದು ಸ್ನಾಯು, ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಅಂತ ಅದರ ಹೆಸರು. ಹೆಸರು ಮರೆತರೂ ನಷ್ಟವಿಲ್ಲ. ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಮೂಳೆಯಿಂದ ಹೊರಟು, ಎದೆ ಮೂಳೆಯ ತುದಿಗೂ ಕಾಲರ್ ಬೋನಿನ ಒಳತುದಿಗೂ ಬಂದು ಸೇರುತ್ತದೆ. ತಲೆಯನ್ನು ಬಲಕ್ಕೆ ತಿರುಗಿಸಿ ಕನ್ನಡಿ ನೋಡಿ, ಎಡಗಡೆಯದು ಎದ್ದು ಕಾಣುತ್ತದೆ. ಇಷ್ಟು ತಿಳಿದ ಮೇಲೆ ಅದೇ ಅಪ್ಪನನ್ನು ಮತ್ತೆ ಬರೆದೆ. ಆ ಒಂದು ಓರೆ ಗೆರೆ ಸರಿಯಾದ ಜಾಗದಲ್ಲಿ ಬಿದ್ದದ್ದೇ ತಡ, ತಲೆ ಮೈಗೆ ಕೂಡಿಕೊಂಡಿತು. ಕೈ ಅದೇ, ಪೆನ್ಸಿಲ್ ಅದೇ. ಒಳಗೆ ಏನಿದೆ ಅಂತ ಗೊತ್ತಾಯಿತು, ಅಷ್ಟೇ.

ಅಲ್ಲಿಂದ ನಾಲ್ಕು ವರ್ಷವಾಯಿತು. ನಾನು ಯಾವ ತರಗತಿಗೂ ಹೋಗಲಿಲ್ಲ. ಹೋಗಬಾರದು ಅಂತಲ್ಲ, ಒಳ್ಳೆಯ ಗುರು ಸಿಕ್ಕರೆ ಎಷ್ಟೋ ಸಮಯ ಉಳಿಯುತ್ತದೆ. ಆದರೆ ಸಿಗದಿದ್ದರೂ ಕಲಿಯಬಹುದು ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಮಾದರಿಗೆ ಬೇಕಾದ ದೇಹ ಎಲ್ಲರ ಹತ್ತಿರವೂ ಇದೆ. ಒಂದು ಕನ್ನಡಿ ಬೇಕು. ನೂರು ವರ್ಷಕ್ಕಿಂತ ಹಳೆಯ ಅಂಗರಚನೆಯ ಪುಸ್ತಕಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಆ ಪುಸ್ತಕಗಳಲ್ಲಿರುವ ಮೂಳೆಗಳೇ ಇವತ್ತೂ ನಮ್ಮೊಳಗೆ ಇರುವುದು.

ಕೈಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಚಿತ್ರ ಬರೆಯುವವರೆಲ್ಲ ಹೆದರುವುದು ಕೈಗೇ. ಜೇಬಿನೊಳಗೆ, ಬೆನ್ನ ಹಿಂದೆ ಕೈ ಅಡಗಿಸಿ ಬರೆಯುವ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆ, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡೇ, ಉಳಿದ ನಾಲ್ಕಕ್ಕೆ ಮೂರು ಮೂರು. ಈ ಲೆಕ್ಕ ಬಾಯಿಪಾಠ ಮಾಡಿದರೆ ಚಿತ್ರ ಬರುವುದಿಲ್ಲ, ನಿಜ. ಆದರೆ ಇದರಿಂದ ಒಂದು ವಿಷಯ ನನಗೆ ಥಟ್ಟನೆ ಹೊಳೆಯಿತು. ನಿಮ್ಮ ಎಡಗೈಯನ್ನು ಅಂಗೈ ಕಡೆಯಿಂದ ನೋಡಿ. ನಡುಬೆರಳು ಎಲ್ಲಿಂದ ಶುರುವಾಗುತ್ತದೆ? ಬೆರಳುಗಳ ನಡುವೆ ಚರ್ಮ ಕೂಡುವ ಜಾಗದಿಂದ. ಈಗ ಕೈ ತಿರುಗಿಸಿ ಮುಷ್ಟಿ ಮಾಡಿ. ಬೆರಳಿನ ಮೊದಲ ಮೂಳೆ ಶುರುವಾಗುವುದು ಎದ್ದು ಕಾಣುವ ಆ ದೊಡ್ಡ ಗೆಣ್ಣಿನಲ್ಲಿ, ಅಂದರೆ ಚರ್ಮ ಕೂಡುವ ಜಾಗಕ್ಕಿಂತ ಎಷ್ಟೋ ಹಿಂದೆ! ಹಿಂಗೈ ಕಡೆಯಿಂದ ಬೆರಳು ಉದ್ದ, ಅಂಗೈ ಕಡೆಯಿಂದ ಗಿಡ್ಡ. ನಾನು ಎರಡೂ ಕಡೆಯಿಂದ ಒಂದೇ ಉದ್ದ ಬರೆಯುತ್ತಿದ್ದೆ. ಅದಕ್ಕೇ ಮಡಿಸಿದ ಬೆರಳು ಮುರಿದ ಹಾಗೆ ಕಾಣುತ್ತಿತ್ತು. ಗೆಣ್ಣುಗಳೂ ನೇರ ಸಾಲಿನಲ್ಲಿ ಇರುವುದಿಲ್ಲ, ಕಮಾನಿನ ಹಾಗೆ ಕಿರುಬೆರಳಿನ ಕಡೆ ಇಳಿಯುತ್ತವೆ. ಆ ಕಮಾನನ್ನು ಮೊದಲು ತೆಳುವಾಗಿ ಹಾಕಿಕೊಂಡು ಆಮೇಲೆ ಬೆರಳು ಬರೆದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ನೋಡಿ. ಬಲಗೈಯ ಮುಂಗೈಯನ್ನು, ಮೊಣಕೈಯ ಸ್ವಲ್ಪ ಕೆಳಗೆ, ಎಡಗೈಯಿಂದ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಆಡಿಸಿ. ಒಳಗೆ ಏನೋ ಸರಿದಾಡುತ್ತದೆ, ಅಲ್ವಾ? ಬೆರಳುಗಳನ್ನು ಮಡಿಸಿ ಬಿಚ್ಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ದಾರದಂಥ ಎಳೆಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಹಾಗಾಗಿ ಬೆರಳಿನಲ್ಲಿ ಮೂಳೆ, ಎಳೆ, ಮೆತ್ತನೆಯ ದಿಂಡು ಇಷ್ಟೇ. ಮುಂಗೈ ಮಾತ್ರ ಮೊಣಕೈ ಹತ್ತಿರ ದಪ್ಪಗೆ ಇದ್ದು ಮಣಿಕಟ್ಟಿನ ಕಡೆ ಸಣ್ಣಗಾಗುತ್ತದೆ. ಈಗ ಅಂಗೈ ಮೇಲೆ ಮಾಡಿ. ಮುಂಗೈಯ ಎರಡು ಮೂಳೆಗಳು ಅಕ್ಕಪಕ್ಕ ಮಲಗಿರುತ್ತವೆ. ಮೊಣಕೈ ಅಲ್ಲಾಡಿಸದೆ ಅಂಗೈಯನ್ನು ಕೆಳಕ್ಕೆ ತಿರುಗಿಸಿ. ಕಿರುಬೆರಳಿನ ಕಡೆಯ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹೆಬ್ಬೆರಳಿನ ಕಡೆಯದು ಅದರ ಮೇಲೆ ಅಡ್ಡ ಹಾಯುತ್ತದೆ. ನಾವು ಕೈ ತಿರುಗಿಸುತ್ತೇವೆ ಅಂದುಕೊಳ್ಳುತ್ತೇವೆ, ತಿರುಗುವುದು ಇಡೀ ಮುಂಗೈ. ಅಪ್ಪನ ಒಂದು ಕೈ ಪತ್ರಿಕೆಯ ಮೇಲೆ ಬೋರಲು, ಇನ್ನೊಂದು ತೊಡೆಯ ಮೇಲೆ ಅಂಗಾತ. ನಾನು ಎರಡಕ್ಕೂ ಒಂದೇ ಮುಂಗೈ ಅಂಟಿಸಿದ್ದೆ! ಇದು ತಿಳಿದ ದಿನ ನನಗೆ ಆದ ಖುಷಿ ಹೇಳತೀರದು. ಆ ರಾತ್ರಿ ದೀಪದ ಕೆಳಗೆ ಕೂತು ನನ್ನ ಎಡಗೈ ತಿರುಗಿಸಿ ತಿರುಗಿಸಿ ಹನ್ನೊಂದು ಸಲ ಬರೆದೆ.

ಕಲಿಯುವ ದಾರಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು, ಬೇರೆಯವರ ಆರು ತಿಂಗಳು ಉಳಿಯಲಿ. ಸ್ನಾಯುಗಳ ಹುಚ್ಚು ಹತ್ತಿತು. ಎಲ್ಲ ಹೆಸರು ಕಲಿತೆ, ಕಲಿತದ್ದನ್ನೆಲ್ಲ ಚಿತ್ರದಲ್ಲಿ ತೋರಿಸತೊಡಗಿದೆ. ನಾನು ಬರೆದ ಮನುಷ್ಯರು ಚರ್ಮ ಸುಲಿದ ಹಾಗೆ, ಮೈಯೆಲ್ಲ ಗಂಟು ಗಂಟಾಗಿ, ಮರಗಟ್ಟಿ ನಿಂತಿರುತ್ತಿದ್ದರು. ಐದು ಶತಮಾನದ ಹಿಂದೆಯೇ ಲಿಯೊನಾರ್ಡೊ ಡಾ ವಿಂಚಿ ಇದೇ ತಪ್ಪಿನ ಬಗ್ಗೆ ಎಚ್ಚರಿಸಿದ್ದ ಅಂತ ಆಮೇಲೆ ತಿಳಿಯಿತು. ಎಲ್ಲ ಸ್ನಾಯುಗಳನ್ನೂ ಎತ್ತಿ ತೋರಿಸುವ ಚಿತ್ರಕಾರರ ದೇಹಗಳು ಅಕ್ರೋಟು ತುಂಬಿದ ಚೀಲದ ಹಾಗೆ ಕಾಣುತ್ತವೆ ಅಂತ ಅವನು ಬರೆದಿಟ್ಟಿದ್ದ. ಅವನೇನು ಕಡಿಮೆ ಕಲಿತವನಾ? 30ಕ್ಕೂ ಹೆಚ್ಚು ಶವಗಳನ್ನು ಕೊಯ್ದು ನೋಡಿದ್ದೇನೆ ಅಂತ ಹೇಳಿಕೊಂಡವನು. ಒಂದೇ ಭುಜವನ್ನು ಸುತ್ತಲೂ ತಿರುಗಿಸಿ ಹಲವು ಕೋನದಿಂದ ಬರೆದವನು. ಸ್ನಾಯು ಹೇಗೆ ಎಳೆಯುತ್ತದೆ ಅಂತ ಕಾಣಲಿ ಎಂದು ಅದನ್ನು ದಾರಗಳ ಹಾಗೆ ಬರೆದು ನೋಡಿದವನು. ಅಷ್ಟು ತಿಳಿದವನೇ, ಕಡಿಮೆ ತೋರಿಸಿ ಅನ್ನುತ್ತಾನೆ.

ಆಮೇಲೆ ನಾನು ಕ್ರಮ ಬದಲಿಸಿದೆ. ಮೊದಲು ಇಡೀ ದೇಹದ ಓಟ, ಆಮೇಲೆ ಮೂಳೆ, ಕೊನೆಗೆ ಸ್ನಾಯು. ಓಟ ಅಂದರೆ, ಒಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಒಂದು ಕಾಲಿನ ಮೇಲೆ ಭಾರ ಬಿಟ್ಟಿದ್ದಾರೆ. ಭಾರ ಹೊತ್ತ ಕಡೆಯ ಸೊಂಟ ಮೇಲೇರುತ್ತದೆ, ಸಾಮಾನ್ಯವಾಗಿ ಅದೇ ಕಡೆಯ ಭುಜ ಕೆಳಗಿಳಿಯುತ್ತದೆ, ಬೆನ್ನು ಬಿಲ್ಲಿನ ಹಾಗೆ ಸಣ್ಣಗೆ ಬಾಗುತ್ತದೆ. ಈ ಮೂರು ಗೆರೆ ಸಾಕು, ಮನುಷ್ಯ ನಿಂತ ಹಾಗೆ ಕಾಣುತ್ತಾನೆ. ಇದಕ್ಕೆ ಒಂದು ನಿಮಿಷ, ಕೆಲವೊಮ್ಮೆ 30 ಸೆಕೆಂಡು. ಸಮಯ ಕಡಿಮೆ ಇದ್ದರೆ ಕಣ್ಣು, ಮೂಗು, ಗುಂಡಿ ಅಂತ ಒದ್ದಾಡಲು ಆಗುವುದಿಲ್ಲ, ಮುಖ್ಯವಾದದ್ದನ್ನೇ ಹುಡುಕಬೇಕಾಗುತ್ತದೆ. ಎಲ್ಲಾದರೂ ಕಾಯುತ್ತಾ ಕೂತಾಗ ನಾನು ಈಗ ಮೊಬೈಲ್ ತೆಗೆಯುವುದಿಲ್ಲ, ಅಂಗೈ ಅಗಲದ ಪುಸ್ತಕ ತೆಗೆಯುತ್ತೇನೆ. ಜನ ಅಲ್ಲಾಡುತ್ತಾರೆ, ಎದ್ದು ಹೋಗುತ್ತಾರೆ, ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಪರವಾಗಿಲ್ಲ. ಆ ಅರ್ಧ ಚಿತ್ರಗಳೇ ನನ್ನ ಗೆರೆಗೆ ಜೀವ ಕೊಟ್ಟದ್ದು.

ಅಳತೆಯ ವಿಷಯಕ್ಕೂ ಬರುತ್ತೇನೆ. ಹೊಸಬರು ಕಣ್ಣುಗಳನ್ನು ಹಣೆಯ ಹತ್ತಿರ ಬರೆಯುತ್ತಾರೆ, ನಾನೂ ಬರೆಯುತ್ತಿದ್ದೆ. ನೆತ್ತಿಯಿಂದ ಗಲ್ಲದವರೆಗೆ ಅಳೆದು ನೋಡಿ, ಕಣ್ಣು ಸರಿಸುಮಾರು ನಟ್ಟನಡುವೆ ಇರುತ್ತದೆ. ನಾವು ಮುಖವನ್ನು ಮಾತ್ರ ಗಮನಿಸುತ್ತೇವೆ, ತಲೆಬುರುಡೆಯನ್ನು ಮರೆತುಬಿಡುತ್ತೇವೆ. ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆಯಷ್ಟು, ಹುಟ್ಟಿದ ಮಗುವಿನದು ಸುಮಾರು ನಾಲ್ಕು ತಲೆಯಷ್ಟು. ಅದಕ್ಕೇ ದೊಡ್ಡವರ ಅಳತೆಯಲ್ಲಿ ಮಗುವನ್ನು ಬರೆದರೆ ಅದು ಕುಳ್ಳ ಮುದುಕನ ಹಾಗೆ ಕಾಣುವುದು. ಆದರೆ ಇವೆಲ್ಲ ಸರಾಸರಿ. ಎದುರಿಗಿರುವ ಮನುಷ್ಯನ ಅಳತೆ ಅವನದೇ. ನಿಯಮ ಕಲಿಯುವುದು ಅವನು ಅದಕ್ಕಿಂತ ಎಷ್ಟು ಬೇರೆ ಅಂತ ಕಂಡುಹಿಡಿಯುವುದಕ್ಕೆ.

ಇನ್ನು ಅಭ್ಯಾಸ. ನಾನು ದಿನಕ್ಕೆ ಅರ್ಧ ಗಂಟೆ ಕೂರುತ್ತೇನೆ, ಅದಕ್ಕಿಂತ ಜಾಸ್ತಿ ನನಗೆ ಸಮಯವಿಲ್ಲ. ರಜೆಯ ದಿನ ಐದು ಗಂಟೆ ಕೂತು ಉಳಿದ ದಿನ ಬಿಟ್ಟು ನೋಡಿದ್ದೇನೆ, ಅದು ಕೈ ಹತ್ತಲಿಲ್ಲ. ಸುಮ್ನೆ ನಕಲು ಮಾಡುವುದರಿಂದಲೂ ನನಗೆ ಹೆಚ್ಚು ಉಪಯೋಗ ಆಗಲಿಲ್ಲ. ಪುಸ್ತಕ ನೋಡಿ ಮೊಣಕಾಲು ಬರೆದರೆ ಸೊಗಸಾಗಿ ಬರುತ್ತಿತ್ತು, ಮಾರನೆಯ ದಿನ ಒಂದು ಗೆರೆಯೂ ನೆನಪಿರುತ್ತಿರಲಿಲ್ಲ. ಈಗ ಹೀಗೆ ಮಾಡುತ್ತೇನೆ. ಮೊದಲು ಹತ್ತು ನಿಮಿಷ ನೋಡಿ ಬರೆಯುತ್ತೇನೆ. ಆಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುತ್ತೇನೆ. ಮತ್ತೆ ಪುಸ್ತಕ ತೆರೆದು, ತಪ್ಪಿದ ಕಡೆಯೆಲ್ಲ ಕೆಂಪು ಪೆನ್ಸಿಲ್‌ನಲ್ಲಿ ಸರಿಯಾದ ಗೆರೆ ಎಳೆಯುತ್ತೇನೆ. ರಬ್ಬರ್ ಮುಟ್ಟುವುದಿಲ್ಲ. ತಪ್ಪನ್ನು ಅಳಿಸಿದರೆ ತಪ್ಪಿನ ಗುರುತೇ ಉಳಿಯುವುದಿಲ್ಲ, ನಾಳೆ ಮತ್ತೆ ಅದನ್ನೇ ಮಾಡುತ್ತೇವೆ. ಪ್ರತಿ ಹಾಳೆಗೂ ತಾರೀಕು ಹಾಕುತ್ತೇನೆ. ಒಮ್ಮೆ ಮೂರು ತಿಂಗಳ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದೆ. ಕೆಂಪು ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದವು: ಪಾದ ಚಿಕ್ಕದು, ಪಾದ ಚಿಕ್ಕದು, ಪಾದ ಚಿಕ್ಕದು. ಯಾವ ಗುರುವೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಒಂದು ಇಡೀ ತಿಂಗಳು ಪಾದ ಮಾತ್ರ ಬರೆದೆ. ಪಾದದ ಮೇಲಿನ ಗಂಟುಗಳಲ್ಲಿ ಒಳಗಿನದು ಎತ್ತರದಲ್ಲಿ, ಹೊರಗಿನದು ತಗ್ಗಿನಲ್ಲಿ ಇರುತ್ತದೆ ಅನ್ನುವುದು ಆ ತಿಂಗಳು ಸಿಕ್ಕಿದ್ದು. ಅದು ಗೊತ್ತಾದ ಮೇಲೆ ನನ್ನ ಜನ ನೆಲದ ಮೇಲೆ ಊರಿ ನಿಂತರು.

ಎರಡನೇ ವರ್ಷ ಕೆಲಸದ ಒತ್ತಡದಿಂದ ಎರಡು ತಿಂಗಳು ಏನೂ ಬರೆಯಲಿಲ್ಲ. ಎಲ್ಲ ಹೋಯಿತು ಅಂದುಕೊಂಡಿದ್ದೆ. ಮೊದಲ ಎರಡು ಮೂರು ದಿನ ಗೆರೆ ನಡುಗಿತು, ಆಮೇಲೆ ಕೈ ತಾನೇ ದಾರಿಗೆ ಬಂತು. ಕಣ್ಣು ಕಲಿತದ್ದು ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ನಡುವೆ ಬಿಟ್ಟವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮತ್ತೆ ಶುರು ಮಾಡಿ.

ತಡವಾಯಿತು ಅನ್ನುವವರಿಗೂ ಒಂದು ಮಾತು. ವಿನ್ಸೆಂಟ್ ವ್ಯಾನ್ ಗೋ ಕಲಾವಿದನಾಗಬೇಕು ಅಂತ ತೀರ್ಮಾನಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಬೇರೆ ಬೇರೆ ಕೆಲಸ ಮಾಡಿ ಯಾವುದರಲ್ಲೂ ನೆಲೆ ನಿಂತಿರಲಿಲ್ಲ. ಶುರುವಿನಲ್ಲಿ ಅವನು ಮಾಡಿದ್ದು ಏನು? ಕಲಿಯುವವರಿಗಾಗಿ ಅಚ್ಚಾಗಿದ್ದ ಅಭ್ಯಾಸದ ಹಾಳೆಗಳನ್ನು ತಂದಿಟ್ಟುಕೊಂಡು ಒಂದೊಂದನ್ನೂ ನಕಲು ಮಾಡಿದ, ಮತ್ತೆ ಮಾಡಿದ. ಅಂಗರಚನೆಯ ಪುಸ್ತಕ ಇಟ್ಟುಕೊಂಡು ಓದಿದ. ಅವನ ಆ ಕಾಲದ ಚಿತ್ರಗಳು ಬಿಗಿಯಾಗಿವೆ, ತಡವರಿಸುತ್ತವೆ. 1890ರಲ್ಲಿ ತೀರಿಕೊಂಡ. ಈ ಹತ್ತು ವರ್ಷದ ಕೆಲಸವನ್ನೇ ಇವತ್ತು ಲೋಕವೆಲ್ಲ ನೋಡುತ್ತಿರುವುದು. ಅವನನ್ನೂ 'ಹುಟ್ಟು ಕಲಾವಿದ' ಅಂದರೆ, ಆ ಹಾಳೆಗಳ ಮುಂದೆ ಕೂತ ಮನುಷ್ಯನಿಗೆ ಅನ್ಯಾಯ ಮಾಡಿದ ಹಾಗೆ.

ಎಲ್ಲ ಮಕ್ಕಳೂ ಒಂದೇ ಅಂತ ನಾನು ವಾದ ಮಾಡುತ್ತಿಲ್ಲ. ಕೆಲವರ ಕಣ್ಣು ಬೇಗ ಹಿಡಿಯುತ್ತದೆ, ಕೆಲವರದು ನಿಧಾನ. ಚಿಕ್ಕ ಮಕ್ಕಳಿಗೆ ಮೂಳೆ ಸ್ನಾಯು ಅಂತ ಹೇಳಿ ಹೆದರಿಸಬೇಕು ಅಂತಲೂ ಅಲ್ಲ. ಅವರು ಮನಸ್ಸು ಬಂದ ಹಾಗೆ ಬರೆಯಲಿ, ಅದರ ಚೆಂದವೇ ಬೇರೆ. ನಾನು ಹೇಳುತ್ತಿರುವುದು ಹತ್ತು ಹನ್ನೊಂದು ವಯಸ್ಸಿನ ಮಗುವಿನ ಬಗ್ಗೆ. ಆ ವಯಸ್ಸಿನಲ್ಲಿ ಮಗುವಿನ ಕಣ್ಣು ಚುರುಕಾಗುತ್ತದೆ, ಕೈ ಅಲ್ಲಿಗೆ ಇನ್ನೂ ಮುಟ್ಟಿರುವುದಿಲ್ಲ. ತನ್ನ ಚಿತ್ರ ತಾನು ಕಂಡ ಹಾಗೆ ಇಲ್ಲ ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ. ಬೇಸರವಾಗುತ್ತದೆ, ಹಾಳೆ ಹರಿಯುತ್ತದೆ. ಆ ಬೇಸರ ಒಳ್ಳೆಯ ಲಕ್ಷಣ! ನೋಡಲು ಬಂದವರಿಗೆ ಮಾತ್ರ ಆ ಬೇಸರ ಬರುವುದು. ಅಂಥ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿ ಕೂತು, 'ಮೊಣಕೈ ಮುಟ್ಟಿ ನೋಡು, ಮೂಳೆ ಎಲ್ಲಿ ಸಿಗುತ್ತೆ?' ಅಂತ ಕೇಳಬೇಕು. ನಿಮ್ಮ ಪತ್ರಿಕೆ ಆ ಕೆಲಸ ಮಾಡಬಹುದು.

ಅದಕ್ಕೇ ನನ್ನ ಬೇಡಿಕೆ. ಆ ಪುಟದಲ್ಲಿ ಕಾಲು ಭಾಗ ಬಿಟ್ಟುಕೊಡಿ. ಒಂದು ವಾರ ಮಣಿಕಟ್ಟು, ಇನ್ನೊಂದು ವಾರ ಮೊಣಕೈ, ಮತ್ತೊಂದು ವಾರ ಕತ್ತು. ಒಳಗಿನ ಮೂಳೆಯ ಒಂದು ಸರಳ ಚಿತ್ರ, ಪಕ್ಕದಲ್ಲಿ ಹೊರಗೆ ಕಾಣುವ ರೂಪ, ಮಗು ತನ್ನ ಮೈ ಮುಟ್ಟಿ ನೋಡಿಕೊಳ್ಳಲು ಒಂದು ಪ್ರಶ್ನೆ. ಚಿತ್ರ ಕಳಿಸುವ ಮಕ್ಕಳಿಗೆ, ಪೂರ್ತಿಯಾದ ಚಿತ್ರದ ಜೊತೆ ಅದಕ್ಕೆ ಮುಂಚೆ ಬರೆದ ಒಂದು ತಪ್ಪು ಹಾಳೆಯನ್ನೂ ಕಳಿಸಿ ಅಂತ ಹೇಳಿ, ಎರಡನ್ನೂ ಅಕ್ಕಪಕ್ಕ ಅಚ್ಚು ಮಾಡಿ. ಕೆಳಗೆ 'ಹುಟ್ಟು ಕಲಾವಿದೆ' ಬದಲು, 'ಈ ಚಿತ್ರವನ್ನು ಆರು ಸಲ ಬರೆದಳು' ಅಂತ ಬರೆಯಿರಿ. ಆರು ಸಲ ಬರೆದದ್ದು ಅವಳ ಸ್ವಂತ ಸಂಪಾದನೆ, ಅದಕ್ಕೆ ಅವಳನ್ನು ಹೊಗಳಿ.

ಈ ಪತ್ರದ ಜೊತೆ ಎರಡು ಹಾಳೆ ಇಟ್ಟಿದ್ದೇನೆ. ಒಂದು ನಾಲ್ಕು ವರ್ಷದ ಹಿಂದಿನ ಆ ಲಕೋಟೆ. ಇನ್ನೊಂದು ಕಳೆದ ವಾರದ್ದು, ಅದೇ ಕುರ್ಚಿ, ಅದೇ ಅಪ್ಪ. ಅಚ್ಚು ಮಾಡುವುದಾದರೆ ಎರಡನ್ನೂ ಒಟ್ಟಿಗೆ ಮಾಡಿ, ಒಂದನ್ನೇ ಬೇಡ. ಎರಡನೆಯದರಲ್ಲಿ ಎಡಗೈ ಹೆಬ್ಬೆರಳಿನ ಬುಡ ಇನ್ನೂ ಸರಿ ಬಂದಿಲ್ಲ, ಕೆಂಪು ಗೆರೆ ಹಾಗೇ ಬಿಟ್ಟಿದ್ದೇನೆ. ಲಕೋಟೆಯನ್ನು ದಯವಿಟ್ಟು ವಾಪಸ್ ಕಳಿಸಿ, ಅದು ನನಗೆ ಬೇಕು.

ಇಂತಿ,
ನಿಮ್ಮ ಖಾಯಂ ಓದುಗ